ಆಯ್ತು ಅನ್ನುವವರೆಗೆ

ನಮ್ಮ ಬಂಟ್ವಾಳಕ್ಕೆ ಆಗಿನ್ನೂ ರೈಲಿರಲಿಲ್ಲ. ಹಾಗಾಗಿ ಕ್ಯಾಮೆರಾದ ಹುಚ್ಚು ಹಿಡಿದ ನಾವು ಕೆಲವರು ಬಸ್ಸು ಹತ್ತಿ ಮಂಗಳೂರಿನ ಹಳೇ ಸ್ಟೇಷನ್ನಿಗೆ ಬಂದಿದ್ದೆವು. ಇಂಜಿನ್ನಿನ ಹೊಗೆಯ ಚಂದ ನೋಡುತ್ತ ನಿಂತಿದ್ದಾಗ ಪುತ್ತಿಗೆಯ ಒಬ್ಬ ಹೆಂಗಸು ಹತ್ತಿರ ಬಂದರು. ಹೊಸದಾಗಿ ಮದುವೆಯಾದ ಮಗಳು ಗಂಡನ ಜೊತೆ ಮದ್ರಾಸಿಗೆ ಹೊರಟಿದ್ದಾಳಂತೆ.

"ನಮ್ಮಿಬ್ಬರದೊಂದು ಪಟ ತೆಗೆದುಕೊಡ್ತೀರಾ?"

ನಮ್ಮಲ್ಲಿ ಸ್ಟುಡಿಯೋ ಇಟ್ಟವರು ವಾಸಣ್ಣ ಒಬ್ಬರೇ. ಅವರೇ ಮುಂದಾದರು. ಮಗಳು ಕಿಟಕಿಯ ಒಳಗೆ, ತಾಯಿ ಹೊರಗೆ. ಸ್ಟುಡಿಯೋದ ಅಭ್ಯಾಸದಲ್ಲಿ ವಾಸಣ್ಣ ಗದರಿಯೇಬಿಟ್ಟರು: "ನಾನು ಆಯ್ತು ಅನ್ನುವವರೆಗೆ ಅಲ್ಲಾಡ್ಲಿಕ್ಕಿಲ್ಲ!"

ಅವರಿನ್ನೂ ಬೆಳಕು ನೋಡುತ್ತಿದ್ದರು, ಸೀಟಿ ಊದಿ ರೈಲು ಹೊರಟಿತು. ಕ್ಯಾಮೆರಾ ಕ್ಲಿಕ್ಕೆಂದದ್ದು ಆಮೇಲೆ. ಬೇರೆ ಕಿಟಕಿಗಳಲ್ಲೆಲ್ಲ ಕೈಗಳು ಬೀಸುತ್ತಿದ್ದವು. ಈ ಹುಡುಗಿ ಮಾತ್ರ ಕೈ ಎತ್ತದೆ, ಕಣ್ಣೀರು ಒರೆಸದೆ, ಕೂತ ಹಾಗೆಯೇ ದೂರವಾದಳು. ಇತ್ತ ತಾಯಿಯೂ ನಿಂತ ಹಾಗೆಯೇ ನಿಂತಿದ್ದರು.

"ಆಯ್ತು ಅಕ್ಕ," ಎಂದರು ವಾಸಣ್ಣ, ಮೆಲ್ಲಗೆ. "ಪಟ ಸರಿ ಬರ್ಲಿಕ್ಕಿಲ್ಲ. ಅಲ್ಲಾಡಿಹೋಯ್ತು."

ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡರು.

"ಅಲ್ಲಾಡಿದ್ದು ರೈಲು ಮಾರಾಯರೇ. ನನ್ನ ಮಗಳು ಅಲ್ಲಾಡ್ಲಿಲ್ಲ."