ಕಣ್ಣು ಮುಚ್ಚಿ ಬರೆದ ಬೋರ್ಡು

ತುಮಕೂರಿನ ಉಪ್ಪಾರಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಕನ್ನಡ ಪಾಠ ಮಾಡುವವಳು ನಾನು. ಮಕ್ಕಳ ಕಾಗುಣಿತ ತಿದ್ದಿ ತಿದ್ದಿ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಪದವನ್ನು ಚಿತ್ರದ ಹಾಗೆ ನೋಡಿಸಿ, ಕಣ್ಣು ಮುಚ್ಚಿಸಿ, ಬೆರಳಲ್ಲಿ ಬರೆಸಿದರೆ ಕಣ್ಣಿನ ನೆನಪು ಗಟ್ಟಿಯಾಗುತ್ತದೆ, ತಪ್ಪು ಕಡಿಮೆಯಾಗುತ್ತದೆ ಎಂದು ಒಂದು ತರಬೇತಿಯಲ್ಲಿ ಹೇಳಿದರು. ನಂಬಿದೆ. ನಂಬದೆ ಏನು ಮಾಡಲಿ? ನನ್ನ ಏಳನೇ ಕ್ಲಾಸಿನಲ್ಲಿ ಏನು ಮಾಡಿದರೂ ಅಕ್ಷರ ಹತ್ತದ ಒಬ್ಬ ಹುಡುಗಿ ಇದ್ದಳು.

ಕಡಬದ ಕಡೆಯ ಒಂದು ಹಳ್ಳಿಯಿಂದ ಬರುತ್ತಿದ್ದಳು. ಮಾತಿಗೆ ನಿಂತರೆ ಇಡೀ ಕ್ಲಾಸನ್ನು ನಗಿಸುವವಳು, ಉಕ್ತಲೇಖನ ಅಂದ ಕೂಡಲೇ ಮುಖ ಬಾಡಿಸಿಕೊಂಡು ಕೂರುತ್ತಿದ್ದಳು. ಈ ವರ್ಷವೂ ಓದು ಬರಹ ಹತ್ತದಿದ್ದರೆ ಸ್ಕೂಲು ಬಿಡಿಸುವುದೇ ಸೈ ಎಂದು ಅವಳಪ್ಪ ಖಡಾಖಂಡಿತವಾಗಿ ಹೇಳಿದ್ದರು. ಹಾಗಾಗಿ ಊಟದ ಬಿಡುವಿನಲ್ಲಿ ಅವಳನ್ನು ಸ್ಟಾಫ್ ರೂಮಿಗೆ ಕರೆದು ಕಾರ್ಡು ತೋರಿಸತೊಡಗಿದೆ. ಒಂದೊಂದರಲ್ಲೂ ಹಸಿರು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಒಂದೊಂದು ಪದ. ನೋಡು, ಕಣ್ಣು ಮುಚ್ಚು, ಬರಿ.

ಬರೆದೇಬಿಟ್ಟಳು! ವಾರ ಕಳೆದರೂ ಮರೆಯಲಿಲ್ಲ. ನಾನು ಸಹೋದ್ಯೋಗಿಗಳ ಮುಂದೆ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಆಮೇಲೆ ಅವೇ ಪದಗಳನ್ನು ಪಠ್ಯಪುಸ್ತಕದಲ್ಲಿ ತೋರಿಸಿದರೆ, ಊರಿಗೆ ಹೊಸಬರು ಬಂದಾಗ ನೋಡುವ ಹಾಗೆ ನೋಡಿದಳು. ನಾನು ಬಾಯಲ್ಲಿ ಹೇಳಿ ಬರೆಸಿದರೆ ಒಂದೂ ಬರಲಿಲ್ಲ. ಯಾವ ಕಾರ್ಡಿನ ಮೂಲೆ ಮಡಚಿತ್ತು, ಎಲ್ಲಿ ಶಾಯಿ ಹರಡಿತ್ತು ಎಂಬುದೆಲ್ಲ ಅವಳಿಗೆ ನೆನಪಿತ್ತು. ಕಿವಿಗೆ ಬಿದ್ದ ಸದ್ದಿಗೂ ಕಣ್ಣಿಗೆ ಕಂಡ ಅಕ್ಷರಕ್ಕೂ ನಂಟು ಮಾತ್ರ ಬೆಳೆಯಲೇ ಇಲ್ಲ. ಬಣ್ಣ ಬದಲಿಸಿದೆ, ಗದರಿದೆ, ಮುದ್ದು ಮಾಡಿದೆ. ಏನೂ ಉಪಯೋಗವಾಗಲಿಲ್ಲ.

ಅವಳು ಬಸ್ಸನ್ನೂ ಹೀಗೇ ಗುರುತು ಹಿಡಿಯುತ್ತಿದ್ದಳು ಎಂದು ತಡವಾಗಿ ತಿಳಿಯಿತು. ಅವಳೂರಿಗೆ ಹೋಗುವ ಪ್ರೈವೇಟ್ ಬಸ್ಸಿನ ಮುಂದಿನ ಗಾಜಿನ ಮೇಲೆ ಜೋಡಿ ಗಿಳಿಗಳಿದ್ದವು. ಗಿಳಿ ಕಂಡರೆ ಹತ್ತುವುದು, ಅಷ್ಟೇ. ಒಂದು ಸಂಜೆ ಮಾಲೀಕರು ಆ ಬಸ್ಸನ್ನು ಕುಣಿಗಲ್ ರೂಟಿಗೆ ಹಾಕಿ ಬೋರ್ಡು ಬದಲಿಸಿದ್ದರು. ಇವಳು ಎಂದಿನಂತೆ ಹತ್ತಿ, ಆ ನೂಕುನುಗ್ಗಲಿನಲ್ಲೂ ಮೂಲೆಯಲ್ಲಿ ಕೂತು ನಿದ್ದೆ ಹೋದಳು. ಎಚ್ಚರವಾದಾಗ ಕುಣಿಗಲ್ ಬಸ್‌ಸ್ಟ್ಯಾಂಡು. ಅಳುತ್ತಾ ನಿಂತವಳನ್ನು ಕಂಡು ಹೂ ಮಾರುವ ಹೆಂಗಸೊಬ್ಬರು ಮನೆಗೆ ಫೋನ್ ಮಾಡಿಸಿದರಂತೆ. ಅವಳಪ್ಪ ಬೈಕಿನಲ್ಲಿ ಹೋಗಿ ಕರೆತಂದರು.

ಮಾರನೇ ಬೆಳಿಗ್ಗೆಯೇ ಮಗಳ ಜೊತೆ ಬಂದು ಟೀಸಿ ಬರೆಸಿಕೊಂಡು ನನ್ನೆದುರು ನಿಂತರು.

"ಇನ್ನೊಂದು ವರ್ಷ ನೋಡೋಣ. ನಾನೇ ಬಸ್ ಹತ್ತಿಸ್ತೀನಿ," ಎಂದು ಗೋಗರೆದೆ.

"ಹೆಣ್ಮಗ ಮೇಡಂ. ಬೋರ್ಡ್ ಓದಕ್ ಬರ್ದೆ ಕುಣಿಗಲ್ ಸೇರ್ಕೊಂಡವ್ಳೆ. ನಾಳೆ ಇನ್ನೆಲ್ಗೋ ಹೋದ್ರೆ ಏನ್ ಮಾಡ್ಲಿ? ನೀವೂ ಕಷ್ಟ ಬಿದ್ರಿ, ಇಲ್ಲ ಅನ್ನಲ್ಲ. ಸಾಕು ಬುಡಿ, ಮನೇಲಿರ್ಲಿ."

ಅವರ ಮೇಲೆ ರೇಗಲು ನನಗೊಂದು ಕಾರಣವೂ ಸಿಗಲಿಲ್ಲ. ಅದಕ್ಕೇ ಹುಡುಗಿಯ ಮೇಲೆ ರೇಗಿದೆ.

"ಬೋರ್ಡ್ ನೋಡ್ಲಿಲ್ವೇನೇ?"

"ನೋಡ್ದೆ ಮಿಸ್. ಚೆನ್ನಾಗೇ ನೋಡ್ದೆ."

ಕಣ್ಣು ಮುಚ್ಚಿದಳು. ನನ್ನ ಮೇಜಿನ ಮೇಲೆ ಬೆರಳಲ್ಲಿ ನಿಧಾನವಾಗಿ ಬರೆದಳು. ಕುಣಿಗಲ್. ಕೊಂಬು, ಗುಡಿಸು, ಕೊನೆಯ ಅರ್ಧಾಕ್ಷರ, ಯಾವುದೂ ತಪ್ಪಿರಲಿಲ್ಲ.

"ಸರ್ಯಾಗೈತಾ ಮೇಡಂ?" ಎಂದು ಅವಳಪ್ಪ ಬಗ್ಗಿ ಕೇಳಿದರು. ಆ ದನಿಯಲ್ಲಿ ಆಸೆಯಿತ್ತು.

"ಸರಿಯಾಗಿದೆ," ಅಂದೆ.

ಹುಡುಗಿ ಕಣ್ಣು ಬಿಟ್ಟು ನಕ್ಕಳು. ಆಮೇಲೆ ಮೇಜನ್ನೇ ನೋಡುತ್ತಾ ಕೇಳಿದಳು:

"ಇದ್ರಲ್ಲಿ ಕುಣಿಗಲ್ ಅಂತ ಎಲ್ಲೈತೆ ಮಿಸ್?"

ಅವಳಪ್ಪ ಟೀಸಿಯನ್ನು ಮಡಚಿ ಜೇಬಿಗಿಟ್ಟುಕೊಂಡರು.