ಗುಡಿಸಲಲ್ಲಿ ಆದ ಮದುವೆ

ನಮ್ಮ ಬೀದಿಯಲ್ಲಿ ಬೆಳಿಗ್ಗೆಯಿಂದ ಶಾಮಿಯಾನ ಕಟ್ಟುತ್ತಿದ್ದಾರೆ. ಬಹುಕಾಲ ಜೊತೆಯಾಗಿ ಬಾಳಿದ ದಂಪತಿಗಳಿಗೆ ಸಂಜೆ ಸನ್ಮಾನವಂತೆ. ಮಡಿಸಿಟ್ಟ ಬಟ್ಟೆ ಬಿಚ್ಚಿದಾಗಿನ ಆ ಮುಗ್ಗಲು ವಾಸನೆ ಕಿಟಕಿಯಿಂದ ಬಂದದ್ದೇ ತಡ, ನಾನು ಐವತ್ತರ ದಶಕದ ರಾಜಾಜಿನಗರಕ್ಕೆ ಹೊರಟುಬಿಟ್ಟೆ. ನೀವೂ ಬನ್ನಿ, ದಾರಿಯಲ್ಲಿ ಸ್ವಲ್ಪ ಧೂಳು ಜಾಸ್ತಿ.

ಆಗ ನಾನು ಹೊಸ ಸೊಸೆ. ಬಡಾವಣೆಯೂ ಹೊಸದು, ನಾಲ್ಕು ಮನೆ ದಾಟಿದರೆ ರಾಗಿ ಹೊಲ. ನನಗೊಂದು ದೊಡ್ಡ ದುಃಖವಿತ್ತು: ನನ್ನ ಮದುವೆಗೆ ವಾಲಗದವರು ಮುಹೂರ್ತ ಮುಗಿದ ಮೇಲೆ ಬಂದಿದ್ದರು. ಅದನ್ನು ನಮ್ಮ ಯಜಮಾನರಿಗೆ ದಿನಾ ಕಾಫಿಯ ಜೊತೆ ಬಡಿಸುತ್ತಿದ್ದೆ. ಅವರು ಆಫೀಸಿಗೆ ಹೋದ ಮೇಲೆ ಕೇಳುವ ಸರದಿ ಚಿಕ್ಕತಾಯಮ್ಮನದು.

ಬಡಾವಣೆಗೆ ಮೊದಲು ಅಲ್ಲಿದ್ದ ಹಳ್ಳಿಯ ಮುದುಕಿ ಆಕೆ. ಎಮ್ಮೆಯನ್ನು ಬಾಗಿಲಿಗೇ ತಂದು ಹಾಲು ಕರೆದು ಕೊಡುತ್ತಿದ್ದಳು. ಗಂಡ ಪುಟ್ಟಯ್ಯ ಹಗ್ಗ ಹಿಡಿದು ನಿಲ್ಲುತ್ತಿದ್ದ. ಎಮ್ಮೆ ಒದ್ದರೆ ಅವನು ಎಮ್ಮೆಯನ್ನು ಬೈಯುವನು, ಅವಳು ಅವನನ್ನು ಬೈಯುವಳು. ಹಾಗೆ ಬೈಯದಿದ್ದರೆ ಹಾಲು ಇಳಿಯುವುದಿಲ್ಲವೇನೋ ಎಂದುಕೊಂಡಿದ್ದೆ.

ಆ ವರ್ಷ ರಾಮನವಮಿ ಚಪ್ಪರದಲ್ಲಿ ಹಿರಿಯ ದಂಪತಿಗಳನ್ನು ಕೂರಿಸಿ ಗೌರವಿಸಬೇಕೆಂದು ನಮ್ಮ ಬೀದಿಯ ಮೇಷ್ಟ್ರು ಹೊರಟರು. ಇವರಿಬ್ಬರನ್ನು ಕರೆಯುವ ಕೆಲಸ ನನಗೆ ಬಂತು. ಚಿಕ್ಕತಾಯಮ್ಮ ತಲೆಯೆತ್ತದೆ ಹಾಲು ಕರೆಯುತ್ತಲೇ ಹೇಳಿದಳು:

"ನಮ್ದು ಮದ್ವೆ ಅಂತ ಆಗ್ಲೇ ಇಲ್ಲ ಕಣವ್ವ. ನಾಕು ಜನದ ಮುಂದೆ ಕೂತ್ಕೊಂಡು ಸುಳ್ಳು ಹೇಳಕಾಯ್ತದಾ?"

ಆಮೇಲೆ ಬಿಡಿಬಿಡಿಯಾಗಿ ಹೇಳಿದಳು. ಪುಟ್ಟಯ್ಯನ ಜೊತೆ ಮದುವೆ ಗೊತ್ತಾದ ಮೇಲೆ ಊರಿಗೆ ಪ್ಲೇಗು ಬಂತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅವಳ ಅಪ್ಪ ಅಮ್ಮ ಇಬ್ಬರೂ ತೀರಿಹೋದರು. ಪುರೋಹಿತರು ಆ ಕಡೆ ಕಾಲಿಡಲಿಲ್ಲ. ದಿಕ್ಕಿಲ್ಲದ ಹುಡುಗಿಯನ್ನು ಪುಟ್ಟಯ್ಯನ ತಾಯಿ ತನ್ನ ಗುಡಿಸಲಿಗೆ ಕರೆತಂದು, ಮಗನ ಕೈಯಲ್ಲಿ ಅರಿಸಿನದ ಕೊಂಬು ಕಟ್ಟಿಸಿ, ಇಬ್ಬರಿಗೂ ಮುದ್ದೆ ಬಡಿಸಿದಳು. ಅಷ್ಟೇ. ಧಾರೆ ಇಲ್ಲ, ಮಂತ್ರ ಇಲ್ಲ.

ಪುಟ್ಟಯ್ಯ ಹಗ್ಗ ಹಿಡಿದು ಎಲ್ಲ ಕೇಳಿಸಿಕೊಂಡ. ಮರುದಿನ ತಾನೇ ಮೇಷ್ಟ್ರ ಮನೆಗೆ ಹೋಗಿ, ಆ ಚಪ್ಪರದಲ್ಲೇ ತಮಗೆ ಧಾರೆ ಎರೆಸಿಕೊಡಬೇಕೆಂದು ಕೇಳಿದನಂತೆ. ಬೀದಿಗೆ ಬೀದಿಯೇ ಸಂಭ್ರಮಪಟ್ಟಿತು. ನಾನಂತೂ ಅವಳಿಗೆ ಉಡಿಸಲು ನನ್ನ ಧಾರೆ ಸೀರೆಯನ್ನೇ ಪೆಟ್ಟಿಗೆಯಿಂದ ತೆಗೆದೆ.

ಚಿಕ್ಕತಾಯಮ್ಮ ತನ್ನ ಮಾಮೂಲಿ ಸೀರೆಯಲ್ಲೇ ಬಂದಳು. ಮಣೆಯ ಮುಂದೆ ನಿಂತಳು, ಕೂರಲಿಲ್ಲ. ಪುರೋಹಿತರು ಎರಡು ಸಲ ಕರೆದರು. ಆಗ ಅವಳು ಗಂಡನ ಕಡೆ ತಿರುಗಿದಳು.

"ಇವತ್ತು ಧಾರೆ ಎರೆದ್ರೆ, ಇಷ್ಟು ವರ್ಷ ಬಾಳಿದ್ದು ಏನು? ಮೂರು ಮಕ್ಕಳ ಹೆತ್ತಿದ್ದು, ಒಂದನ್ನ ಮಣ್ಣು ಮಾಡಿದ್ದು, ಅದೆಲ್ಲ ಏನು?"

ಪುಟ್ಟಯ್ಯ ಮೆಲ್ಲಗೆ ಅಂದ:

"ಹಂಗಾರೆ ಮದ್ವೆ ಆಗಿತ್ತು ಅನ್ನು."

ಅವಳು ಅವನ ಮುಖ ನೋಡಿದಳು. "ಆಗಿತ್ತು" ಅಂದಳು.

ಮೇಷ್ಟ್ರು ಮಣೆ ತೆಗೆಸಿ, ಇಬ್ಬರನ್ನೂ ದಂಪತಿಗಳ ಸಾಲಿನ ಮೊದಲ ಕುರ್ಚಿಗಳಲ್ಲಿ ಕೂರಿಸಿದರು. ಮಡಿಕೆ ಬಿಚ್ಚದ ರೇಷ್ಮೆ ಸೀರೆ ಹಿಡಿದು ನಾನು ಪೆದ್ದಿಯಂತೆ ನಿಂತಿದ್ದೆ. ಅಂದಿನಿಂದ ನಮ್ಮ ಮನೆಯಲ್ಲಿ ವಾಲಗದವರ ಮಾತು ನಿಂತಿತು. ಯಜಮಾನರು ಕಾರಣ ಕೇಳಲಿಲ್ಲ. ಎರಡನೇ ಲೋಟ ಕಾಫಿ ಕೇಳಿದರು.

ಇವತ್ತಿನ ಸನ್ಮಾನದ ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರೂ ಇದೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ, ಹೋಗುವುದು ಬೇಡ ಎಂದು ವಾರದಿಂದ ಹಟ ಮಾಡುತ್ತಿದ್ದವಳು ನಾನು. ಈಗ ಎದ್ದಿದ್ದೇನೆ. ಇವರಿಗೆ ಕೈ ನಡುಗುತ್ತದೆ, ಕತ್ತಿನ ಗುಂಡಿ ಹಾಕಿಕೊಳ್ಳಲಾಗುವುದಿಲ್ಲ. ಅದನ್ನೊಂದು ಹಾಕಿ, ಕರೆದುಕೊಂಡು ಹೊರಡುತ್ತೇನೆ.