ಗಿಳಿಯ ಕರಿ ಕೊಕ್ಕು

ನಾನು ಚಿಕ್ಕವಳಿದ್ದಾಗ ದೇವದುರ್ಗದ ನಮ್ಮ ಮನೆಗೆ ಎರಡು ಬೇಸಿಗೆ. ಹೊರಗಿನದು ಊರಿಗೆಲ್ಲ ಸೇರಿದ್ದು. ಒಳಗಿನದು ಅಪ್ಪನ ಕುಲುಮೆಯದು. ಅಪ್ಪ ಪತ್ತಾರ, ಚಿನ್ನದ ಕೆಲಸದವ. ಇದ್ದಲ ಹೊಗೆ, ಅರಗಿನ ವಾಸನೆ ನನ್ನ ಲಂಗಕ್ಕೂ ಹತ್ತಿರುತ್ತಿತ್ತು. ಗೆಳತಿಯರು ಮೂಗು ಮುಚ್ಚಿಕೊಂಡು ಕಾಡಿಸುತ್ತಿದ್ದರು.

ಅಪ್ಪನಿಗೆ ಹೆಸರು ತಂದದ್ದು ಮೀನಾ ಕೆಲಸ. ಚಿನ್ನದಲ್ಲಿ ಚಿತ್ರ ಕೆತ್ತಿ, ಬಣ್ಣದ ಗಾಜಿನ ಪುಡಿ ತುಂಬಿ, ಉರಿಯಲ್ಲಿ ಕರಗಿಸುವುದು. ಪದಕದ ಮುಂದೆ ಹರಳು, ಹಿಂದೆ ಮೀನಾ.

"ಎದಿಗೆ ಹತ್ತೋ ಕಡೆ ಯಾರು ನೋಡ್ತಾರ ಯಪ್ಪಾ?"

"ಹಾಕ್ಕೊಂಡಾಕಿಗೆ ಗೊತ್ತಿರ್ತದಲ್ಲ, ಸಾಕು."

ನನಗೆ ಹತ್ತು ತುಂಬಿದ ಬೇಸಿಗೆಯಲ್ಲಿ ಅಪ್ಪನ ಕಣ್ಣಿಗೆ ಪೊರೆ ಬಂತು. "ಯಾರ ಮುಂದೂ ಬಾಯಿ ಬಿಡಬ್ಯಾಡ. ಗೊತ್ತಾದ್ರ ಒಬ್ರೂ ಕೆಲಸ ಕೊಡಂಗಿಲ್ಲ," ಅಂದ. ಗಬ್ಬೂರಿನ ಮದುಮಗಳ ಪದಕದ ಹಿಂದೆ ಕೈ ಅಂದಾಜಿನಲ್ಲೇ ಜೋಡಿ ಗಿಳಿ ಕೆತ್ತಿದ್ದ. ಹಸಿರು ಮೈ ಆಗಲೇ ಸುಟ್ಟಾಗಿತ್ತು. ಕೆಂಪು ಕೊಕ್ಕು ಕೊನೆಗೆ, ಅದು ಹೆಚ್ಚು ಉರಿ ತಾಳುವುದಿಲ್ಲ. ಪುಡಿ ಕರಗಿ ಹೊಳಪು ಕಂಡ ಕೂಡಲೇ "ಬಂತು" ಅನ್ನುವುದು ನನ್ನ ಕೆಲಸ, ಉರಿಯಿಂದ ತೆಗೆಯುವುದು ಅಪ್ಪನದು.

ಹೊರಗೆ ಗೆಳತಿಯರ ಕುಂಟಾಟ ನಡೆದಿತ್ತು. ನಾನು ಮಂಡಾಳು ಮುಕ್ಕುತ್ತಿದ್ದೆ, ಕಣ್ಣು ಬಾಗಿಲಿಗೆ. ತಿರುಗಿ ನೋಡಿ "ಬಂತು" ಅನ್ನುವಷ್ಟರಲ್ಲಿ ಕೊಕ್ಕು ಸುಟ್ಟು ಕಪ್ಪಾಗಿತ್ತು.

"ಹೆಂಗ ಬಂದದ?"

"ಛಲೋ ಕೆಂಪು ಬಂದದ ಯಪ್ಪಾ."

ಪದಕ ಆರಿದ ಮೇಲೆ ಅಪ್ಪ ಹೆಬ್ಬೆರಳಿನಿಂದ ಸವರಿ, ಅರಿವೆಯಲ್ಲಿ ಸುತ್ತಿಟ್ಟ. ಮತ್ತೆ ಮೀನಾ ಮುಟ್ಟಲಿಲ್ಲ. ಮುರಿದ ಕಾಲುಂಗುರ ಬೆಸೆಯುತ್ತ ದಿನ ತಳ್ಳಿದ. ಗಬ್ಬೂರಿನ ಬಸ್ಸು ಕಂಡರೆ ಸಾಕು, ನನ್ನ ಸುಳ್ಳು ಅದರೊಳಗಿಂದ ಇಳಿದು ಬರುತ್ತದೆಂದು ನಾನು ಮನೆಯೊಳಗೆ ಓಡುತ್ತಿದ್ದೆ.

ಮೊನ್ನೆ ಮಾನ್ವಿಯ ಮದುವೆಯೊಂದರಲ್ಲಿ ಆ ಮದುಮಗಳೇ ಸಿಕ್ಕರು. ತಲೆ ನರೆತಿದೆ, ಕೊರಳಲ್ಲಿ ಅದೇ ಪದಕ. ನಾನು ಯಾರ ಮಗಳೆಂದು ತಿಳಿದು ತಾವೇ ಅದನ್ನು ತಿರುಗಿಸಿ ತೋರಿಸಿದರು.

"ಕೊಡೋ ಮುಂದ ನಿಮ್ಮಪ್ಪಾರು ಹೇಳಿದ್ರು ತಂಗಿ. 'ನಿನಗ ದೃಷ್ಟಿ ಆಗಬಾರ್ದಂತ ಕೊಕ್ಕು ಬೇಕಂತಲೇ ಕರಿ ಮಾಡೀನಿ ಯವ್ವಾ,' ಅಂತ."

ಕೆಂಪು ಅಂದ ನನ್ನ ದನಿಯಲ್ಲೇ ಅಪ್ಪನಿಗೆ ಸುಳ್ಳು ಗೊತ್ತಾಗಿರಬೇಕು. ಈಗ ರಾಯಚೂರಿನ ಅಂಗಡಿಗಳಲ್ಲಿ ಪದಕ ತಿರುಗಿಸಿದರೆ ಹಿಂದೆ ಬರೀ ತಗಡು. ಗಿಳಿ ಕೆತ್ತುವವರು ಹೋದರು. ಆ ಸುಳ್ಳನ್ನು ಇಷ್ಟು ವರ್ಷ ಹೊತ್ತು ಹೊತ್ತು ದಣಿದಿದ್ದೇನೆ. ನಾನೇ ಸುಟ್ಟೆ ಯಪ್ಪಾ ಅಂತ ಹೇಳಿ ಹಗುರಾಗೋಣವೆಂದರೆ, ಕೇಳಲು ಅವನಿಲ್ಲ.